ಫೈಬರ್ ಕೊಳೆಯುವುದಿಲ್ಲ, ಕೊಳೆಯುವುದು ಒಳಗಿನ ಮರ

ಫೈಬರ್ ಬೋಟಿಗೆ ಸಾವಿಲ್ಲ ಅನ್ನುವ ಮಾತನ್ನು ಗೋವಾದ ಯಾವ ಜೆಟ್ಟಿಗೆ ಹೋದರೂ ಕೇಳಬಹುದು. ಅರ್ಧ ನಿಜ. ಗಾಜಿನ ನೂಲೂ ರೆಸಿನ್ ಅನ್ನುವ ಅಂಟುದ್ರವವೂ ಸೇರಿ ಗಟ್ಟಿಯಾದ ಹೊರಮೈಗೆ ಗೆದ್ದಲು ಹತ್ತುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಮೂವತ್ತು ವರ್ಷ ಹಳೆಯದಾದರೂ ಎಮರಿ ಪೇಪರ್ ಹಾಕಿ ಉಜ್ಜಿ ಬಣ್ಣ ಹೊಡೆದರೆ ಹೊಸದೇ ಅನ್ನಿಸುತ್ತದೆ. ಆದರೆ ಹಳೆಯ ಸಣ್ಣ ಬೋಟುಗಳಲ್ಲಿ ಬಹಳಷ್ಟು ಪೂರ್ತಿ ಫೈಬರ್ ಆಗಿರುವುದಿಲ್ಲ. ತಳದ ಉದ್ದಕ್ಕೂ ಓಡುವ ತೊಲೆಗಳು, ಅವುಗಳ ಮೇಲಿನ ನೆಲ, ಹಿಂದೆ ಇಂಜಿನ್ ತೂಗುವ ಹಲಗೆ, ಇವೆಲ್ಲ ಮರ ಇಲ್ಲವೇ ಪ್ಲೈವುಡ್. ಮೇಲೆ ಒಂದೆರಡು ಪದರ ಫೈಬರ್ ಹೊದಿಸಿರುತ್ತಾರೆ, ಅಷ್ಟೇ. ಹೊದಿಕೆ ಗಟ್ಟಿಯಾಗೇ ಉಳಿಯುತ್ತದೆ, ಒಳಗಿನದು ಕೊಳೆಯುತ್ತದೆ. ಹೊರಗಿಂದ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ನಮ್ಮ ಭಾವ ಕೊಂಡ ಬೋಟು ಇದೇ ಜಾತಿಯದು. 18 ಅಡಿ ಉದ್ದ, ಮೇಲೆ ಮುಚ್ಚು ಇಲ್ಲ, ಹಿಂದೆ ಔಟ್‌ಬೋರ್ಡ್ ಇಂಜಿನ್. ಭಾವ ಹೊನ್ನಾವರದವರು. ವಾಸ್ಕೋದಲ್ಲಿ ಖಾನಾವಳಿ ಇಟ್ಟುಕೊಂಡು ತುಂಬಾ ವರ್ಷ ಆಯಿತು. ಅವರ ಅಪ್ಪ ಶರಾವತಿ ಅಳಿವೆಯಲ್ಲಿ ನಾಡದೋಣಿ ಇಟ್ಟಿದ್ದವರು. ಭಾನುವಾರ ಜುವಾರಿ ನದಿಯಲ್ಲಿ ಗಾಳ ಹಾಕಿಕೊಂಡು ಕೂರಬೇಕು ಅನ್ನುವುದು ಭಾವನ ಬಹಳ ದಿನದ ಆಸೆ. ಅಗ್ಗಕ್ಕೆ ಸಿಕ್ಕಿತು, ತಂದರು. ನಡುವೆ ಕಾಲಿಟ್ಟರೆ ನೆಲ ಮೆತ್ತಗೆ ಕುಸಿದು ಮೇಲೇಳುತ್ತಿತ್ತು. "ಒಂದು ಪ್ಲೈವುಡ್ ಹಾಳೆ ಹೊಡೆದ್ರೆ ಆಯ್ತು ಮಾರಾಯ, ಅದಕ್ಕೆಂತ ಇಷ್ಟು ಯೋಚನೆ" ಅಂದರು.

ನಾನು ಕಬ್ಬಿಣದ ಕೆಲಸದವನು. ಫ್ಯಾಬ್ರಿಕೇಶನ್ ಶಾಪಿನಲ್ಲಿ ಬೀಮು, ಚಾನೆಲ್ಲು ಅಂತ ದಿನ ಕಳೆಯುವವನು. ಫೈಬರ್ ನನಗೂ ಹೊಸದು. ಆದರೆ ಒಂದು ವಿಷಯ ಗೊತ್ತಿತ್ತು. ನೆಲ ಕುಸಿಯುತ್ತಿದೆ ಅಂದರೆ ಮೊದಲು ನೋಡಬೇಕಾದ್ದು ನೆಲದ ಕೆಳಗೆ.

ಈ ಥರದ ಬೋಟಿನ ತಳದ ಚರ್ಮ ಬಹಳ ದಪ್ಪ ಇರುವುದಿಲ್ಲ. ಎಷ್ಟೋ ಕಡೆ ಐದಾರು ಮಿಲಿಮೀಟರ್ ಮಾತ್ರ. ಅಷ್ಟೇ ಇದ್ದರೆ ಅಲೆಗೆ ಬಡಿದಾಗೆಲ್ಲ ಒಳಕ್ಕೂ ಹೊರಕ್ಕೂ ಬಾಗುತ್ತದೆ. ಅದಕ್ಕೇ ಉದ್ದಕ್ಕೆ ತೊಲೆ ಕೂರಿಸಿ, ಫೈಬರ್ ಪಟ್ಟಿಯಿಂದ ತಳಕ್ಕೆ ಬೆಸೆದು, ಮೇಲೆ ನೆಲ ಮುಚ್ಚುತ್ತಾರೆ. ನೆಲ ನಡೆದಾಡಲಿಕ್ಕೆ ಮಾತ್ರ ಇರುವುದಲ್ಲ. ತಳ, ತೊಲೆ, ನೆಲ ಮೂರೂ ಸೇರಿ ಒಂದು ಪೆಟ್ಟಿಗೆ ಆಗುತ್ತದೆ. ಬೆಂಕಿಪೊಟ್ಟಣದ ಹೊರಗಿನ ಕವಚವನ್ನು ಖಾಲಿ ಹಿಡಿದು ತಿರುಚಿ ನೋಡಿ, ಸುಲಭವಾಗಿ ಓರೆಯಾಗುತ್ತದೆ. ಒಳಗಿನ ಡಬ್ಬಿ ತೂರಿಸಿ ತಿರುಚಿ ನೋಡಿ, ಆಗುವುದಿಲ್ಲ. ಬೋಟಿನ ಬಿಗಿತ ಬರುವುದೂ ಅಲ್ಲಿಂದಲೇ. ತೊಲೆಯಲ್ಲಿ ಅಗಲಕ್ಕಿಂತ ಎತ್ತರ ಮುಖ್ಯ. ಎತ್ತರ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟಾಗುತ್ತದೆ. ಕಬ್ಬಿಣಕ್ಕೂ ಇದೇ ಲೆಕ್ಕ, ಮರಕ್ಕೂ ಇದೇ ಲೆಕ್ಕ. ಹೀಗಾಗಿ ಕೊಳೆತ ತೊಲೆಯ ಮೇಲೆ ಹೊಸ ಪ್ಲೈವುಡ್ ಹೊಡೆದರೆ ಕಾಲಿಗೆ ಗಟ್ಟಿ ಅನ್ನಿಸುತ್ತದೆ, ಬೋಟಿಗೆ ಏನೂ ಸಿಗುವುದಿಲ್ಲ. ಹೊಸ ಸ್ಕ್ರೂ ಹಿಡಿಯಲಿಕ್ಕೆ ಕೆಳಗೆ ಮರವೇ ಇರುವುದಿಲ್ಲ. ಮಾರುವವರು ಹೀಗೆ ಮೇಲೊಂದು ಹಾಳೆ ಹೊಡೆದು, ಬಣ್ಣ ಬಳಿದು ಕೊಡುವುದು ಜಾಸ್ತಿ. ಹಳೆ ಬೋಟು ಕೊಳ್ಳುವವರು ನೆಲ ಹೊಸದಾಗಿದ್ದರೆ ಖುಷಿ ಪಡುವ ಬದಲು ಅನುಮಾನ ಪಡುವುದು ಒಳ್ಳೆಯದು.

ನೀರು ಒಳಗೆ ಹೋಗುವ ದಾರಿ ಬಹಳ ಸಣ್ಣದು. ಸೀಟು, ಹಗ್ಗದ ಕೊಂಡಿ, ಬ್ಯಾಟರಿ ಪೆಟ್ಟಿಗೆ, ಪ್ರತಿಯೊಂದನ್ನೂ ನೆಲಕ್ಕೆ ಸ್ಕ್ರೂ ಹಾಕಿ ಕೂರಿಸಿರುತ್ತಾರೆ. ಸ್ಕ್ರೂ ತೂತಿನ ಗೋಡೆ ಬರಿಯ ಮರ. ಮೇಲಿನ ಫೈಬರ್ ಪದರ ಅಲ್ಲಿ ತುಂಡಾಗಿರುತ್ತದೆ. ಸೀಲೆಂಟ್ ಹಾಕಿದ್ದರೂ ಕೆಲವು ವರ್ಷಕ್ಕೆ ಒಣಗಿ ಬಿಡುತ್ತದೆ. ಅಲ್ಲಿಂದ ಇಳಿದ ಹನಿ ಪ್ಲೈವುಡ್ಡಿನ ಎಳೆಯ ಉದ್ದಕ್ಕೂ ಓಡುತ್ತದೆ. ಆಮೇಲೆ ಹೊರಗೆ ಬರಲು ದಾರಿ ಇಲ್ಲ, ಸುತ್ತ ಫೈಬರ್ ಇದೆಯಲ್ಲ.

ಮರ ಕೊಳೆಸುವ ಶಿಲೀಂಧ್ರಕ್ಕೆ ತೇವ ಬೇಕು, ಗಾಳಿ ಬೇಕು, ಬೆಚ್ಚಗಿರಬೇಕು. ಮರದ ತೇವಾಂಶ ಶೇಕಡ 20ರ ಒಳಗಿದ್ದರೆ ಅದು ಬೆಳೆಯುವುದಿಲ್ಲ. ಪೂರ್ತಿ ನೀರಲ್ಲಿ ಮುಳುಗಿದ ಮರದಲ್ಲೂ ಗಾಳಿ ಸಿಗದೆ ಸುಮ್ಮನಿರುತ್ತದೆ. ಒದ್ದೆಯೂ ಆಗಿ, ಚೂರು ಗಾಳಿಯೂ ಇರುವ ಮುಚ್ಚಿದ ಜಾಗ ಅದಕ್ಕೆ ಹೇಳಿ ಮಾಡಿಸಿದ್ದು. ಇನ್ನೊಂದು ವಿಷಯ ಕೇಳಿ ನನಗೇ ಆಶ್ಚರ್ಯ ಆಯಿತು. ಕಡಲ ನೀರಿಗಿಂತ ಮಳೆ ನೀರು ಕೆಟ್ಟದ್ದು. ಉಪ್ಪು ಈ ಶಿಲೀಂಧ್ರವನ್ನು ಸ್ವಲ್ಪ ತಡೆಯುತ್ತದೆ, ಸಿಹಿ ನೀರು ತಡೆಯುವುದಿಲ್ಲ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಬಹುಪಾಲು ನಾಲ್ಕೇ ತಿಂಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬೋಟುಗಳು ದಡದಲ್ಲಿರುತ್ತವೆ. ಮೀನುಗಾರರು ತಮ್ಮ ಬೋಟನ್ನು ಎಳೆದು, ಮಡಲು ಇಲ್ಲವೇ ಪ್ಲಾಸ್ಟಿಕ್ ಹೊದಿಸಿ ಜೋಪಾನ ಮಾಡುತ್ತಾರೆ. ಅದು ಅವರ ಅನ್ನ. ಭಾವನಂಥ ಹವ್ಯಾಸದವರ ಬೋಟುಗಳು ಮಾತ್ರ ಬಾಯಿ ತೆರೆದುಕೊಂಡು ಮಳೆ ಕುಡಿಯುತ್ತಾ ನಿಂತಿರುತ್ತವೆ.

ಹಾಗಾದರೆ ಮರಕ್ಕೆ ಫೈಬರ್ ಹೊದಿಸುವುದೇ ತಪ್ಪಾ? ಭಾವನ ಅಪ್ಪನ ಕಾಲದವರು ಹಾಗೇ ಅನ್ನುತ್ತಿದ್ದರಂತೆ. ಹೆಬ್ಬಲಸಿನ ಹಲಗೆಯ ದೋಣಿ, ಮಳೆಗಾಲ ಮುಗಿದ ಮೇಲೆ ಮೀನೆಣ್ಣೆಯೋ ಗೇರೆಣ್ಣೆಯೋ ಬಳಿದು ಒಣಗಿಸುವುದು, ಕೆಟ್ಟ ಹಲಗೆ ಕಣ್ಣಿಗೆ ಬಿದ್ದರೆ ಅದೊಂದನ್ನೇ ಬದಲಿಸುವುದು. ಎಲ್ಲ ಬಯಲಲ್ಲಿ, ಮುಚ್ಚುಮರೆ ಇಲ್ಲ. ಮಾಂಡೋವಿ ನದಿಯ ದಿವಾರ್ ದ್ವೀಪದಲ್ಲಿ ತೆಂಗಿನ ಹುರಿಯಿಂದ ಹಲಗೆ ಹೊಲಿದು ಕಟ್ಟಿದ ಹಡಗು, 'ಕೌಂಡಿನ್ಯ' ಅಂತ ಹೆಸರು ಪಡೆದು ನೌಕಾಪಡೆ ಸೇರಿದ್ದು ನಮ್ಮ ಕಾರವಾರದಲ್ಲೇ, 2025ರ ಮೇ ತಿಂಗಳಲ್ಲಿ. ಅದರ ಫೋಟೋ ತೋರಿಸಿ ಭಾವ, "ನೋಡು, ಒಂದು ಹನಿ ಫೈಬರ್ ಇಲ್ಲ" ಅಂದರು.

ನಾನು ಅದೇ ದಿವಾರ್‌ನಲ್ಲಿ ಕಟ್ಟಿದ ಇನ್ನೊಂದು ಹೆಸರು ಹೇಳಿದೆ. 'ಮ್ಹಾದೇಯಿ', ನಾವು ಮಹದಾಯಿ ಅನ್ನುವ ನದಿಯದೇ ಹೆಸರು. ಆ ಹಾಯಿದೋಣಿಯ ಮೈ ಮರದ ಪಟ್ಟಿಗಳಿಂದ ಆದದ್ದು, ಒಳಗೂ ಹೊರಗೂ ಗಾಜಿನ ಬಟ್ಟೆ, ಇಪಾಕ್ಸಿ ಅನ್ನುವ ಜಾತಿಯ ರೆಸಿನ್. ಅದರಲ್ಲಿ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. 2012–13ರಲ್ಲಿ ಅಭಿಲಾಷ್ ಟೋಮಿ ಎಲ್ಲೂ ನಿಲ್ಲದೆ ಒಬ್ಬರೇ ಸುತ್ತಿದರು. ಮರವೂ ಇದೆ, ಫೈಬರೂ ಇದೆ, ದಕ್ಷಿಣ ಸಾಗರದ ಅಲೆಗಳನ್ನೂ ತಡೆದಿದೆ. ಅಂದರೆ ಮರವನ್ನು ಮುಚ್ಚುವುದರಲ್ಲಿ ದೋಷ ಇಲ್ಲ. ಅರ್ಧ ಮುಚ್ಚಿ, ಆಮೇಲೆ ತೂತು ಕೊರೆಯುವುದರಲ್ಲಿದೆ. ಮುಚ್ಚಿದರೆ ಆರೂ ಮುಖ ಮುಚ್ಚಬೇಕು. ಇಲ್ಲವಾದರೆ ಗಾಳಿಗೆ ಬಿಡಬೇಕು. ಈ ಇಡೀ ಕೆಲಸದಲ್ಲಿ ನಾವು ತೆಗೆದುಕೊಂಡ ತೀರ್ಮಾನಗಳೆಲ್ಲ ಈ ಒಂದು ಮಾತಿನಿಂದಲೇ ಹೊರಟವು.

ಬೋಟು ನಿಂತದ್ದು ಕೊರ್ಟಾಲಿಂ ಹತ್ತಿರ, ಪರಿಚಯದವರ ತೆಂಗಿನ ತೋಟದಲ್ಲಿ. ಜುವಾರಿಯ ಹೊಸ ಸೇತುವೆ ಅಲ್ಲಿಂದ ಕಾಣುತ್ತದೆ. ಮೊದಲು ಪರೀಕ್ಷೆ. ಇದಕ್ಕೆ ದುಬಾರಿ ಯಂತ್ರ ಬೇಡ. ಸಣ್ಣ ಸುತ್ತಿಗೆಯ ಹಿಡಿಯಿಂದ ಅಂಗೈಯಗಲ ಜಾಗ ಬಿಟ್ಟು ಬಿಟ್ಟು ತಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದ ಕಡೆ ಟಕ್ ಅನ್ನುತ್ತದೆ. ಕೊಳೆತ ಕಡೆ ಸದ್ದು ಸತ್ತು ಹೋಗುತ್ತದೆ. ಸತ್ತ ಜಾಗಗಳಿಗೆಲ್ಲ ಸೀಮೆಸುಣ್ಣದ ಗೆರೆ ಎಳೆದೆವು. ಅನುಮಾನ ಬಂದಲ್ಲಿ ತೊಲೆಯ ಪಕ್ಕಕ್ಕೆ ಸಣ್ಣ ಡ್ರಿಲ್ ಹಾಕಿ ಹೊಟ್ಟು ನೋಡಿದೆವು. ಒಳ್ಳೆ ಮರದ ಹೊಟ್ಟು ಒಣಗಿ ತೆಳು ಬಣ್ಣಕ್ಕಿರುತ್ತದೆ. ನಮಗೆ ಬಂದದ್ದು ಕಪ್ಪಗೆ, ಕೆಸರು ವಾಸನೆ. ಒಂದು ತೂತಿನಿಂದ ನೀರೇ ಸುರಿಯತೊಡಗಿತು, ಬೋಟು ನೀರಿನಿಂದ ಮೇಲೆ ಬಂದು ತಿಂಗಳುಗಳೇ ಕಳೆದಿದ್ದರೂ. ಭಾವ ಮಾತಾಡಲಿಲ್ಲ. ಒಂದು ಹಾಳೆಯ ಲೆಕ್ಕ ಅಲ್ಲಿಗೆ ಮುಗಿಯಿತು.

ಟ್ರಾನ್ಸಮ್ಮು, ಅಂದರೆ ಇಂಜಿನ್ ತೂಗುವ ಹಿಂಬದಿ, ಪುಣ್ಯಕ್ಕೆ ಗಟ್ಟಿ ಇತ್ತು. ಇಂಜಿನ್ನಿನ ಕಾಲು ಹಿಡಿದು ಮೇಲೆ ಕೆಳಗೆ ಜಗ್ಗಿದರೂ ಹಲಗೆ ಅಲುಗಲಿಲ್ಲ. ನೀರು ಬಸಿಯುವ ತೂತಿನ ಸುತ್ತ ಮಾತ್ರ ಮರ ಮೆತ್ತಗಾಗಿತ್ತು. ಅದನ್ನು ಕೆರೆದು ತೆಗೆದು, ಇಪಾಕ್ಸಿ ತುಂಬಿ, ಮತ್ತೆ ಸಣ್ಣ ತೂತು ಕೊರೆದೆವು. ಟ್ರಾನ್ಸಮ್ ಕೊಳೆತಿದ್ದರೆ ಕೆಲಸ ಬೇರೆಯದೇ ಮಟ್ಟಕ್ಕೆ ಹೋಗುತ್ತಿತ್ತು.

ಕತ್ತರಿಸುವ ಮೊದಲು ಒಂದು ಕೆಲಸ ಇದೆ, ಅವಸರದವರು ಬಿಡುವುದು ಅದನ್ನೇ. ತಳಕ್ಕೆ ಆಸರೆ ಕೊಡುವುದು. ನೆಲವನ್ನೂ ತೊಲೆಯನ್ನೂ ತೆಗೆದ ಮೇಲೆ ಆ ತೆಳು ಚರ್ಮ ಯಾವುದರ ಮೇಲೆ ಕೂತಿದೆಯೋ ಅದರ ಆಕಾರ ಪಡೆಯುತ್ತದೆ. ಎರಡು ಟೈರಿನ ಮೇಲೆ ಇಟ್ಟಿದ್ದರೆ ನಡುವೆ ಜೋತು ಬೀಳುತ್ತದೆ. ಆ ಸ್ಥಿತಿಯಲ್ಲೇ ಹೊಸ ತೊಲೆ ಬೆಸೆದರೆ ಆ ಸೊಟ್ಟ ಶಾಶ್ವತ. ವೇಗವಾಗಿ ಓಡುವ ಬೋಟಿನ ತಳ ಹಿಂಬದಿಯಲ್ಲಿ ನೇರ ಇರಬೇಕು. ಅಲ್ಲಿ ತಳ ಕೆಳಕ್ಕೆ ಬಾಗಿ ಕೊಕ್ಕೆ ಬಿದ್ದರೆ ಮೂತಿ ಕೆಳಗೆ ಹಾಕಿಕೊಂಡು ಓಡುತ್ತದೆ. ನಾವು ಅಡಿಗೆ ಅಡ್ಡ ಮರಗಳನ್ನು ಹತ್ತಿರ ಹತ್ತಿರ ಇಟ್ಟು, ಅವುಗಳ ನಡುವೆ ಮರಳಿನ ಚೀಲ ತುರುಕಿದೆವು. ಎರಡೂ ಅಂಚಿಗೆ ಅಡ್ಡಪಟ್ಟಿ ಕಟ್ಟಿ ಅಗಲ ಹಿಡಿದಿಟ್ಟೆವು. ಮೂತಿಯಿಂದ ಹಿಂಬದಿವರೆಗೆ ದಾರ ಎಳೆದು, ನಡುಗೆರೆ ಗುರುತಿಸಿ, ತೊಲೆಗಳ ಎತ್ತರ ಬರೆದಿಟ್ಟುಕೊಂಡೆವು. ತೊಲೆಗಳನ್ನು ಒಟ್ಟಿಗೆ ಕೀಳಲಿಲ್ಲ. ಒಂದನ್ನು ತೆಗೆದು, ಹೊಸದು ಕೂರಿಸಿ, ಅದು ಗಟ್ಟಿಯಾದ ಮೇಲೆ ಪಕ್ಕದ್ದು.

ನೆಲ ಕತ್ತರಿಸಲು ಬಂದವನು ಗದಗ ಕಡೆಯ ಹುಡುಗ, ಜುವಾರಿನಗರದಲ್ಲಿ ಇರುವವನು. ನೀರಿನ ಟ್ಯಾಂಕು, ಶೀಟು, ಬೋಟು, ಎಲ್ಲ ಥರದ ಫೈಬರ್ ಕೆಲಸದಲ್ಲಿ ಪಳಗಿದ ಕೈ. ಗ್ರೈಂಡರ್ ಹಿಡಿದು ಪಕ್ಕದ ಗೋಡೆಯಿಂದ ಎರಡು ಮೂರು ಇಂಚು ಒಳಗೆ ಗೆರೆ ಎಳೆದ. ಆ ಅಂಚು ಉಳಿದರೆ ಹೊಸ ನೆಲ ಎಷ್ಟು ಎತ್ತರಕ್ಕೆ ಕೂರಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬ್ಲೇಡು ಪ್ಲೈವುಡ್ಡಿನ ದಪ್ಪಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ತಳವೇ ತೂತು.

ನೆಲ ಎತ್ತಿದಾಗ ಬಂದ ವಾಸನೆ ಬಗ್ಗೆ ಬರೆಯುವುದಿಲ್ಲ. ತೊಲೆಗಳ ನಡುವೆ ಹಳದಿ ಫೋಮ್ ತುಂಬಿದ್ದರು. ಬೋಟಿಗೆ ನೀರು ತುಂಬಿದರೂ ಮುಳುಗದಿರಲಿ ಅಂತ ಹಾಕುವ ಪಾಲಿಯುರೆಥೇನ್ ಫೋಮ್ ಅದು. ಹೊಸದಿದ್ದಾಗ ನೀರು ಹೀರುವುದಿಲ್ಲ ಅನ್ನುತ್ತಾರೆ. ವರ್ಷಗಟ್ಟಲೆ ನೀರಲ್ಲಿ ನೆನೆದರೆ ಹೀರುತ್ತದೆ. ಒಂದೊಂದು ತುಂಡನ್ನೂ ಎರಡು ಕೈಯಲ್ಲಿ ಎತ್ತಬೇಕಾಯಿತು. ತೇಲಿಸಲು ಹಾಕಿದ್ದು ಭಾರವಾಗಿ ಕೂತಿತ್ತು, ಜೊತೆಗೆ ತೊಲೆಗಳನ್ನು ಸದಾ ಒದ್ದೆ ಇಟ್ಟಿತ್ತು. ಅದರ ಕೆಳಗೆ ನೀರು ಹರಿಯಲು ಬಿಟ್ಟಿದ್ದ ಕಂಡಿಗಳೆಲ್ಲ ಆ ಫೋಮಿನಿಂದಲೇ ಮುಚ್ಚಿ ಹೋಗಿದ್ದವು. ಕಟ್ಟಿದವರು ಬಿಟ್ಟು ಹೋದ ಎರಡು ಮುರಿದ ಬ್ರಷ್ಷೂ ಸಿಕ್ಕಿದವು. ತೊಲೆಯ ಫೈಬರ್ ಕವಚ ಸೀಳಿದರೆ ಒಳಗಿನ ಮರ ಕೈಯಲ್ಲೇ ಕಿತ್ತು ಬಂತು. ಕವಚ ಮಾತ್ರ ಏನೂ ಆಗದೆ ನಿಂತಿತ್ತು. ಭಾರ ಹೊರುವುದರಲ್ಲಿ ಆ ಕವಚದ ಪಾಲೂ ದೊಡ್ಡದು. ಅದಕ್ಕೇ ಮರ ಕೊಳೆತ ಮೇಲೂ ಬೋಟು ಕೆಲವು ವರ್ಷ ಓಡುತ್ತದೆ, ಮಾಲೀಕನಿಗೆ ತಿಳಿಯುವುದಿಲ್ಲ.

ಆಮೇಲೆ ಗ್ರೈಂಡಿಂಗ್. ಹಳೆಯ ಫೈಬರ್ ಮೇಲೆ ಹೊಸದು ಹಿಡಿಯಬೇಕಾದರೆ ಬಣ್ಣ, ಎಣ್ಣೆ, ಹೊಳಪು ಎಲ್ಲ ಹೋಗಿ ಒರಟು ಮೈ ಕಾಣಬೇಕು. ಹಳೆಯ ಬೋಟಿನ ರೆಸಿನ್ ಪಾಲಿಯೆಸ್ಟರ್ ಜಾತಿಯದು, ಗಟ್ಟಿಯಾಗಿ ಹೋದ ಪಾಲಿಯೆಸ್ಟರ್ ಮೇಲೆ ಹೊಸ ಪದರ ರಾಸಾಯನಿಕವಾಗಿ ಬೆರೆಯುವುದಿಲ್ಲ. ಒರಟು ಮೈಯ ಗೀರುಗಳಲ್ಲಿ ಕಚ್ಚಿಕೊಂಡು ನಿಲ್ಲಬೇಕು. 36 ನಂಬರಿನ ಒರಟು ಡಿಸ್ಕ್ ಬೇಕು. ಧೂಳು ಅಂದರೆ ಗಾಜಿನ ಪುಡಿ. ಮೈಯೆಲ್ಲ ತುರಿಕೆ. ಆ ಹುಡುಗನ ಮುಖಕ್ಕೆ ಬರೀ ಕರ್ಚೀಫು. ಫಿಲ್ಟರ್ ಇರುವ ಮಾಸ್ಕ್ ತಂದು ಕೊಟ್ಟರೆ "ಉಸಿರು ಕಟ್ಟತೈತ್ರಿ ಸರ" ಅಂತ ತೆಗೆದಿಟ್ಟ. ಮಾಸ್ಕ್ ಹಾಕದಿದ್ದರೆ ಇವತ್ತು ಕೆಲಸ ಇಲ್ಲ ಅಂದೆ. ಹಾಕಿಕೊಂಡ. ಈ ಕೆಲಸದಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಗೋವಾದಲ್ಲಿ ಎಷ್ಟೋ ಜನ. ಅವರಿಗೆ ಮಾಸ್ಕ್ ಕೊಡಿಸುವವರು ಕಡಿಮೆ, ಅದು ನನಗೆ ಸಿಟ್ಟಿನ ವಿಷಯ. ತುರಿಕೆಗೆ ಅವನದೇ ಉಪಾಯ ಇತ್ತು. ಶುರು ಮಾಡುವ ಮೊದಲು ಕೈಗೆ ಕೊಬ್ಬರಿ ಎಣ್ಣೆ, ಮುಗಿದ ಮೇಲೆ ತಣ್ಣೀರು ಸ್ನಾನ. ಬಿಸಿನೀರು ಹಾಕಿಕೊಂಡರೆ ಜಾಸ್ತಿ ಆಗುತ್ತದಂತೆ.

ಸಾಮಾನಿನ ವಿಷಯಕ್ಕೆ ಬಂದರೆ, ಪ್ಲೈವುಡ್ಡಿನ ಮೇಲೆ ಐಎಸ್ 710 ಅಂತ ಮುದ್ರೆ ಇರಬೇಕು, ಅದು ನಮ್ಮ ದೇಶದ ಮರೈನ್ ಪ್ಲೈವುಡ್ಡಿನ ಮಾನದಂಡ. ಕುದಿಯುವ ನೀರಲ್ಲಿ 72 ಗಂಟೆ ಹಾಕಿದರೂ ಪದರ ಬಿಡಬಾರದು ಅನ್ನುವುದು ಅದರ ಪರೀಕ್ಷೆ. ಆದರೆ ಅಂಗಡಿಯವರು ಹೇಳದ ಮಾತು ಒಂದಿದೆ. ಆ ಪರೀಕ್ಷೆ ಅಂಟಿನದು. ಮರ ಮರವೇ, ಒದ್ದೆ ಮುಚ್ಚಿಟ್ಟರೆ ಮರೈನ್ ಪ್ಲೈವುಡ್ಡೂ ಕೊಳೆಯುತ್ತದೆ. ಮುದ್ರೆಯನ್ನೂ ಪೂರ್ತಿ ನಂಬುವ ಹಾಗಿಲ್ಲ. ಅಂಚು ನೋಡಬೇಕು, ಪದರಗಳ ನಡುವೆ ಖಾಲಿ ಇದ್ದರೆ ಬೇಡ. ನಾವು ಒಂದು ತುಂಡನ್ನು ಖಾನಾವಳಿಯ ಒಲೆ ಮೇಲೆ ಬೆಳಗಿನಿಂದ ಸಂಜೆವರೆಗೆ ಕುದಿಸಿದೆವು. ಅಕ್ಕ ಬಂದು ಮುಚ್ಚಳ ತೆಗೆದು ನೋಡಿ, "ಇದೆಂತ ಸಾರು?" ಅಂತ ಕೇಳಿದಳು. ಪಾತ್ರೆಯನ್ನು ಆಮೇಲೆ ಅಡುಗೆಗೆ ಸೇರಿಸಲಿಲ್ಲ. ಪದರ ಬಿಡಲಿಲ್ಲ, ಅದೇ ಪ್ಲೈವುಡ್ ತಂದೆವು.

ನಿಜವಾದ ಜಗಳ ಆದದ್ದು ರೆಸಿನ್ ಬಗ್ಗೆ. ಗದಗದ ಹುಡುಗನಿಗೆ ಪಾಲಿಯೆಸ್ಟರ್ ಕರಗತ. ಅಗ್ಗ, ಎಲ್ಲೆಡೆ ಸಿಗುತ್ತದೆ, ಬೇಗ ಗಟ್ಟಿಯಾಗುತ್ತದೆ. ಅದಕ್ಕೆ ಮೊದಲು ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಗಟ್ಟಿಯಾಗಲು ಶೇಕಡ ಒಂದೆರಡರಷ್ಟು ಕ್ಯಾಟಲಿಸ್ಟ್ ಹಾಕುತ್ತಾರೆ. ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಎರಡು ಬಾಟಲಿಗಳನ್ನು ಅವನು ಬೋಟಿನ ಎರಡು ತುದಿಗೆ ಇಟ್ಟಿದ್ದ. ಕೇಳಿದರೆ "ಇವೆರಡಕ್ಕೂ ಆಗಿ ಬರೂದಿಲ್ರಿ" ಅಂದ. ಗೋವಾದ ಏಪ್ರಿಲ್ ಬಿಸಿಲಿಗೆ ಕ್ಯಾಟಲಿಸ್ಟ್ ಕಡಿಮೆ ಸಾಕು. ಬಕೆಟ್ ತುಂಬ ಒಮ್ಮೆಲೇ ಕಲಸಿದರೆ ಬಳಿಯುವ ಮೊದಲೇ ಹೊಗೆಯಾಡುತ್ತದೆ.

ಆದರೆ ಪಾಲಿಯೆಸ್ಟರ್ ಮರವನ್ನು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಹಳೆಯ ಫೈಬರನ್ನು ಹಿಡಿಯುವುದರಲ್ಲೂ ಇಪಾಕ್ಸಿ ಮುಂದೆ. ನೀರಿನ ಆವಿಯನ್ನೂ ಇಪಾಕ್ಸಿ ಹೆಚ್ಚು ತಡೆಯುತ್ತದೆ. ಬೆಲೆ ಮಾತ್ರ ಹಲವು ಪಟ್ಟು. ಭಾವ ಕ್ಯಾಲ್ಕುಲೇಟರ್ ಹಿಡಿದು ಕೂತರು. ಕೊನೆಗೆ ಒಪ್ಪಂದ ಹೀಗಾಯಿತು. ಮತ್ತೆ ಕೈ ಹೋಗದ ಜಾಗಕ್ಕೆಲ್ಲ ಇಪಾಕ್ಸಿ, ಅಂದರೆ ತೊಲೆ, ತಳದ ಬೆಸುಗೆ, ನೆಲ. ಬಿಚ್ಚಿ ತೆಗೆಯಬಹುದಾದ ಸೀಟಿನ ಪೆಟ್ಟಿಗೆ, ಮುಚ್ಚಳಗಳಿಗೆ ಪಾಲಿಯೆಸ್ಟರ್. ಒಂದೇ ಜಾಗದಲ್ಲಿ ಎರಡನ್ನೂ ಹಾಕುವುದು ಬೇಡ ಅಂತಲೂ ತೀರ್ಮಾನ ಆಯಿತು. ಗಟ್ಟಿಯಾದ ಪಾಲಿಯೆಸ್ಟರ್ ಮೇಲೆ ಇಪಾಕ್ಸಿ ಹಿಡಿಯುತ್ತದೆ. ಇಪಾಕ್ಸಿ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ.

ಹುಡುಗನ ಕೈಗೆ ಇಪಾಕ್ಸಿ ಒಗ್ಗಲು ಸಮಯ ಹಿಡಿಯಿತು. ಪಾಲಿಯೆಸ್ಟರಿನಲ್ಲಿ ಅವಸರ ಇದ್ದರೆ ಕ್ಯಾಟಲಿಸ್ಟ್ ನಾಲ್ಕು ಹನಿ ಜಾಸ್ತಿ ಹಾಕಬಹುದು. ಇಪಾಕ್ಸಿಯಲ್ಲಿ ಆ ಆಟ ನಡೆಯುವುದಿಲ್ಲ. ಅದನ್ನು ಗಟ್ಟಿ ಮಾಡುವ ಹಾರ್ಡನರ್ ಹೆಚ್ಚಾದರೆ ಬೇಗ ಆಗುವುದಿಲ್ಲ, ಯಾವತ್ತೂ ಪೂರ್ತಿ ಗಟ್ಟಿಯೇ ಆಗುವುದಿಲ್ಲ. ಹೇಳಿದ ಅಳತೆ ಅಂದರೆ ಅಷ್ಟೇ. ಖಾನಾವಳಿಯ ಮಸಾಲೆ ತೂಗುವ ತಕ್ಕಡಿ ತೋಟಕ್ಕೆ ಬಂತು. ಗಾಜಿನ ಬಟ್ಟೆಯಲ್ಲೂ ವ್ಯತ್ಯಾಸ ಇದೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು ಮ್ಯಾಟು, ತುಂಡು ನೂಲುಗಳನ್ನು ಅಂಟು ಹಾಕಿ ಹಾಳೆ ಮಾಡಿದ್ದು. ಆ ಅಂಟು ಕರಗುವುದು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್‌ಗೆ. ಇಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ, ಹಾಗಾಗಿ ಮ್ಯಾಟು ಬಿರುಸಾಗೇ ನಿಲ್ಲುತ್ತದೆ, ಮೂಲೆಗೆ ಬಾಗುವುದಿಲ್ಲ. ಅದಕ್ಕೆ ನೂಲುಗಳನ್ನು ಓರೆಯಾಗಿ ಹಾಸಿ ಹೊಲಿದ ಬಟ್ಟೆ ತರಿಸಬೇಕಾಯಿತು.

ಗಾಜಿನ ಬಟ್ಟೆಗೆ ಚೂಪು ಮೂಲೆ ಆಗುವುದಿಲ್ಲ. ಒತ್ತಿ ಕೂರಿಸಿದರೂ ನಿಧಾನಕ್ಕೆ ಎದ್ದು, ಅಡಿಯಲ್ಲಿ ಗಾಳಿ ಉಳಿಯುತ್ತದೆ. ಹಾಗಾಗಿ ತೊಲೆಯ ಮೇಲಂಚನ್ನು ಗುಂಡಗೆ ಮಾಡಬೇಕು, ತೊಲೆಯೂ ತಳವೂ ಸೇರುವ ಮೂಲೆಗೆ ಇಪಾಕ್ಸಿ ಪುಟ್ಟಿ ತುಂಬಿ ಇಳಿಜಾರು ಮಾಡಬೇಕು. ಸಿಲಿಕಾ ಪುಡಿ ಕಲಸಿದ ಈ ಪುಟ್ಟಿಯನ್ನು ಎಳೆಯಲು ನಮಗೆ ಒದಗಿದ್ದು ದೊಡ್ಡ ಸ್ಟೀಲ್ ಸೌಟಿನ ಬೆನ್ನು. ತೊಲೆಯನ್ನು ತಳಕ್ಕೆ ಬಿಗಿಯಾಗಿ ಒತ್ತಿ ಕೂರಿಸಬಾರದು. ಮರದ ತುದಿ ನೇರ ತಳಕ್ಕೆ ತಾಗಿದ ಕಡೆ ಗಡಸು ಗೆರೆ ಬಿದ್ದು, ಅಲೆಗೆ ಅಲ್ಲೇ ಬಿರುಕು ಬಿಡುತ್ತದೆ. ಕೆಲವು ಮಿಲಿಮೀಟರ್ ಸಂದು ಬಿಟ್ಟು, ಪುಟ್ಟಿ ಹಾಸಿನ ಮೇಲೆ ಕೂರಿಸಿದೆವು. ಮೇಲೆ ಬಟ್ಟೆ, ಒಂದಕ್ಕಿಂತ ಒಂದು ಅಗಲ, ಅಂಚುಗಳು ಒಂದೇ ಗೆರೆಗೆ ಬಾರದ ಹಾಗೆ. ಲೋಹದ ಉರುಳು ಹಿಡಿದು ಗಾಳಿ ಹೊರಗೆ ತಳ್ಳುವುದರಲ್ಲಿ ಆ ಹುಡುಗನನ್ನು ಮೀರಿಸುವವರಿಲ್ಲ. ಬಿಳಿ ಮಚ್ಚೆ ಕಂಡರೆ ಬಟ್ಟೆಗೆ ಅಲ್ಲಿ ರೆಸಿನ್ ಸಾಲದು ಅಂತ. ರೆಸಿನ್ ಮಡುಗಟ್ಟಿದರೂ ಒಳ್ಳೆಯದಲ್ಲ, ಬಲ ಇರುವುದು ಗಾಜಿನಲ್ಲಿ, ರೆಸಿನ್ ಹೆಚ್ಚಾದಷ್ಟೂ ಭಾರ, ಬಿರುಕು.

ನೀರು ಹರಿಯುವ ಕಂಡಿಗಳ ಬಗ್ಗೆ ನಾನು ಬಹಳ ಹಟ ಮಾಡಿದೆ. ಅಡ್ಡ ತೊಲೆಗೆ ತೂತು ಕೊರೆದು ಬಿಟ್ಟರೆ ಆ ತೂತಿನಿಂದಲೇ ಮರ ಮತ್ತೆ ನೀರು ಕುಡಿಯುತ್ತದೆ. ದೊಡ್ಡ ತೂತು ಕೊರೆದು, ಪಿವಿಸಿ ಪೈಪಿನ ತುಂಡಿನ ಹೊರಮೈ ಉಜ್ಜಿ, ಇಪಾಕ್ಸಿ ಪುಟ್ಟಿ ಬಳಿದು ತೂರಿಸಿದೆವು. ಒಂದು ಚೊಂಬು ನೀರನ್ನು ಮೂತಿಯಲ್ಲಿ ಸುರಿದರೆ ಹಿಂದಿನ ತೂತಿನಿಂದ ಹೊರಗೆ ಬರಬೇಕು. ಬರುವವರೆಗೆ ನೆಲ ಮುಚ್ಚಲು ಬಿಡಲಿಲ್ಲ.

ಪ್ಲೈವುಡ್ಡಿಗೆ ಇಪಾಕ್ಸಿ ಬಳಿಯುವ ಹೊತ್ತೂ ಮುಖ್ಯ. ಬೆಳಗ್ಗೆ ಬಳಿದರೆ ಬಿಸಿಲೇರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಏಳುತ್ತದೆ. ಇಳಿಹೊತ್ತಿಗೆ ಬಳಿದರೆ ಮರ ತಣ್ಣಗಾಗುತ್ತಾ ರೆಸಿನ್ನನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗೋವಾದ ತೇವದ ಗಾಳಿಗೆ ಮರುದಿನ ಮೇಲೆ ಜಿಡ್ಡು ಪದರ ಕೂರುವುದುಂಟು. ಎಮರಿ ಪೇಪರಿನಿಂದ ಉಜ್ಜಿದರೆ ಅದು ಇನ್ನಷ್ಟು ಹರಡುತ್ತದೆ. ಮೊದಲು ನೀರು ಹಾಕಿ ತಿಕ್ಕಿ ತೊಳೆಯಬೇಕು, ಆಮೇಲೆ ಉಜ್ಜುವುದು. ನೆಲದ ಅಡಿಭಾಗಕ್ಕೆ ಹಾಕುವ ಮೊದಲೇ ಮೂರು ಕೈ, ಅಂಚುಗಳಿಗೆ ಇನ್ನೂ ಹೆಚ್ಚು. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ನೆಲವನ್ನು ತೊಲೆಗಳ ಮೇಲೆ ಪುಟ್ಟಿಯಲ್ಲಿ ಕೂರಿಸಿ, ಮೇಲೆ ಮರಳು ಚೀಲ ಹೇರಿದೆವು. ಸ್ಕ್ರೂ ಒಂದೂ ಇಲ್ಲ. ನಂತರ ಮೇಲೆ ಫೈಬರ್, ಪಕ್ಕದ ಗೋಡೆಗೆ ಬೆಸುಗೆ, ಕೊನೆಗೆ ಕಾಲು ಜಾರದಂತೆ ಜರಡಿ ಹಿಡಿದ ಮರಳು ಉದುರಿಸಿ ಬಣ್ಣ.

ಫೋಮ್ ಮತ್ತೆ ಹಾಕಬೇಕೋ ಬೇಡವೋ ಅನ್ನುವ ಪ್ರಶ್ನೆ ಉಳಿದಿತ್ತು. ತೇಲುವ ವ್ಯವಸ್ಥೆ ಬೇಕೇ ಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ನೆಲದಡಿಯಲ್ಲೇ ಯಾಕೆ ಇರಬೇಕು? ತೇಲುವ ವಸ್ತು ಎಲ್ಲ ಕೆಳಗೇ ಇದ್ದರೆ, ನೀರು ತುಂಬಿದ ಬೋಟು ಮಗುಚಿಕೊಳ್ಳುವ ಸಾಧ್ಯತೆ ಜಾಸ್ತಿ. ಪಕ್ಕಗಳಲ್ಲಿ ಮೇಲಕ್ಕೆ ಇದ್ದರೆ ನೆಟ್ಟಗೆ ತೇಲುತ್ತದೆ. ನಾವು ನೀರು ಹೀರದ ಫೋಮ್ ಹಾಳೆಗಳನ್ನು ಕತ್ತರಿಸಿ, ಮೇಲಂಚಿನ ಕೆಳಗೆ ಎರಡೂ ಪಕ್ಕ ಬಿಚ್ಚಿ ತೆಗೆಯುವಂತೆ ಜೋಡಿಸಿದೆವು. ನೆಲದಡಿ ಖಾಲಿ ಬಿಟ್ಟೆವು. ಮುಂದೊಂದು ಹಿಂದೊಂದು ತಿರುಗಿಸಿ ತೆಗೆಯುವ ಮುಚ್ಚಳ, ದಡದಲ್ಲಿದ್ದಾಗ ಗಾಳಿಯಾಡಲಿ ಅಂತ.

ಇಷ್ಟು ಖರ್ಚಿಗೆ ಇನ್ನೊಂದು ಬೋಟೇ ಬರುತ್ತಿತ್ತು ಅಂತ ಹೇಳಿದವರಿದ್ದಾರೆ. ಹಳೆಯದೇ ಇನ್ನೊಂದು ಬರುತ್ತಿತ್ತು, ಅದರ ಹೊಟ್ಟೆಯಲ್ಲೂ ಇದೇ ಇರುತ್ತಿತ್ತು. ಇನ್ನು ಕೈಬಿಟ್ಟ ಫೈಬರ್ ಬೋಟಿಗೆ ಹೋಗಲು ಜಾಗ ಇಲ್ಲ. ಕಬ್ಬಿಣವಾದರೆ ಗುಜರಿಯವನು ಒಯ್ದು ಕರಗಿಸುತ್ತಾನೆ. ಮರವಾದರೆ ಒಲೆಗೆ. ಒಮ್ಮೆ ಗಟ್ಟಿಯಾದ ರೆಸಿನ್ ಮತ್ತೆ ಕರಗುವುದಿಲ್ಲ, ಸುಟ್ಟರೆ ವಿಷದ ಹೊಗೆ. ನದಿ ದಡದ ಪೊದೆಗಳಲ್ಲಿ ಮಗುಚಿ ಬಿದ್ದ ಬೋಟುಗಳನ್ನು ಗೋವಾದಲ್ಲಿ ಯಾರು ಬೇಕಾದರೂ ನೋಡಬಹುದು. ಗುಜರಿಯವನೂ ಮುಟ್ಟುವುದಿಲ್ಲ.

ಬಣ್ಣ ಒಣಗುವ ಮೊದಲೇ ಭಾವ ಗಾಳದ ಕೋಲು ನಿಲ್ಲಿಸುವ ಸ್ಟೀಲ್ ಸ್ಟ್ಯಾಂಡು ತಂದರು, ಜೊತೆಗೆ ಒಂದು ಪೊಟ್ಟಣ ಸ್ಕ್ರೂ. ನೆಲದ ನಡುವೆ ಕೂರಿಸಬೇಕಂತೆ, ಅಲ್ಲಿಂದ ಎರಡೂ ಕಡೆ ಕೈಗೆಟುಕುತ್ತದೆ. "ಬರೀ ನಾಲ್ಕು ತೂತು ಮಾರಾಯ" ಅಂದರು. ಭಾವ, ಈ ಬೋಟು ಕೊಳೆತದ್ದೇ ಆ ನಾಲ್ಕು ತೂತಿನಿಂದ ಅಂದೆ. ಹುಡುಗ ನಕ್ಕು ಡ್ರಿಲ್ ಮಷಿನ್ನನ್ನು ತನ್ನ ಚೀಲಕ್ಕೆ ಹಾಕಿಕೊಂಡ. ಅರ್ಧ ಗಂಟೆ ಮಾತಾಯಿತು. ಈಗ ಸ್ಟ್ಯಾಂಡು ಪಕ್ಕದ ಮೇಲಂಚಿನಲ್ಲಿದೆ. ಅಲ್ಲಿ ಒಳಗೆ ಮರ ಇಲ್ಲ, ಪೂರ್ತಿ ಫೈಬರ್. ಅಲ್ಲೂ ದೊಡ್ಡ ತೂತು ಕೊರೆದು, ಇಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಬೋಲ್ಟಿಗೆ ಬೇಕಾದಷ್ಟೇ ಕೊರೆದೆವು. ಎಡಗೈಗೆ ಕೋಲು ಸಿಗುವುದಿಲ್ಲ ಅಂತ ಭಾವ ಇನ್ನೂ ಗೊಣಗುತ್ತಾರೆ. ಸ್ಕ್ರೂ ಪೊಟ್ಟಣ ಅಕ್ಕನ ಹತ್ತಿರ ಕೊಟ್ಟಿದ್ದೇನೆ.